ಪ್ರಕಾಶಕರಿಗೆ ರಾಯಲ್ಟಿ ಕೇಳಿ ಪತ್ರ ಬರೆಯುವುದು ಹೇಗೆ? ನಮ್ಮ ಕಡೆಯ ಕವಿಗಳಿಗೆ ಸಮಗ್ರ ಮಾರ್ಗದರ್ಶಿ

ಕವನ ಸಂಕಲನ ಬಂದು ಎರಡು-ಮೂರು ವರ್ಷ ಆಗಿರುತ್ತದೆ. ಬಿಡುಗಡೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಬಂದಿರುತ್ತದೆ. ರಾಯಲ್ಟಿ ಮಾತ್ರ ಬಂದಿರುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಬರೆಯುವ ಬಹಳ ಜನರ ಪಾಡು ಇದೇ. ಫೋನ್ ಮಾಡಿದರೆ ಪ್ರಕಾಶಕರು ಪ್ರೀತಿಯಿಂದಲೇ ಮಾತಾಡುತ್ತಾರೆ. "ಏನ್ರೀ ಕವಿಗಳ, ಆರಾಮಿದ್ದೀರೇನ್ರೀ? ಹೊಸಾದು ಏನ್ ಬರದ್ರಿ?" ಅಂತ ಶುರುವಾದ ಮಾತು "ನೋಡೂಣ್ರೀ, ಮುಂದಿನ ತಿಂಗಳ ಲೆಕ್ಕಾ ಮಾಡೂಣು" ಅನ್ನುವಲ್ಲಿಗೆ ಮುಗಿಯುತ್ತದೆ. ಫೋನ್ ಇಟ್ಟ ಮೇಲೆ ನಮ್ಮ ಕೈಯಲ್ಲಿ ತಾರೀಖೂ ಇಲ್ಲ, ಮೊತ್ತವೂ ಇಲ್ಲ.

ಅದಕ್ಕೇ ಪತ್ರ ಬರೆಯಬೇಕು. ಪ್ರೂಫ್ ನೋಡುವ ಕೆಲಸಕ್ಕೆ ಹೋದಲ್ಲೆಲ್ಲ ಪ್ರಕಾಶಕರ ಮೇಜಿನ ಮೇಲೆ ಕವಿಗಳ ಪತ್ರಗಳು ಬಿದ್ದಿರುವುದನ್ನು ನೋಡಿದ್ದೇನೆ. ಬಹುಪಾಲು ಪತ್ರಗಳು ಕಷ್ಟ ಹೇಳಿಕೊಳ್ಳುತ್ತವೆ. ಓದಿದವರಿಗೆ ಪಾಪ ಅನ್ನಿಸುತ್ತದೆ, ಪತ್ರ ಮತ್ತೆ ಮೇಜಿನ ಮೇಲೇ ಉಳಿಯುತ್ತದೆ. ಕೆಲಸ ಮಾಡುವ ಪತ್ರ ಬೇರೆ ಥರ ಇರುತ್ತದೆ. ಅದು ಮೊದಲು ಲೆಕ್ಕ ಕೇಳುತ್ತದೆ, ಆಮೇಲೆ ದುಡ್ಡು ಕೇಳುತ್ತದೆ. ಲೆಕ್ಕ ಬಂದರೆ ದುಡ್ಡಿಗೆ ದಾರಿ ಆಗುತ್ತದೆ. ಲೆಕ್ಕವೇ ಇಲ್ಲದೆ ಕೇಳಿದ ದುಡ್ಡು ಸಾಲ ಕೇಳಿದ ಹಾಗೆ ಕೇಳಿಸುತ್ತದೆ.

ಹೆಜ್ಜೆ 1: ನಿಮ್ಮದೇ ಪುಸ್ತಕದ ಮೊದಲ ಪುಟಗಳನ್ನು ಓದಿ

ನಮ್ಮ ಪುಸ್ತಕ ಕೈಗೆ ಬಂದಾಗ ಮುಖಪುಟ ನೋಡುತ್ತೇವೆ, ಬೆನ್ನುಡಿ ಓದುತ್ತೇವೆ, ನಮ್ಮ ಫೋಟೊ ಹೇಗೆ ಬಂದಿದೆ ಅಂತ ನೋಡುತ್ತೇವೆ. ಶೀರ್ಷಿಕೆ ಪುಟದ ಹಿಂಬದಿಯನ್ನು ಯಾರೂ ಓದುವುದಿಲ್ಲ. ನಿಮ್ಮ ಪತ್ರಕ್ಕೆ ಬೇಕಾದ ಅರ್ಧ ಮಾಹಿತಿ ಅಲ್ಲೇ ಸಣ್ಣ ಅಕ್ಷರದಲ್ಲಿ ಇದೆ. ಸಾಮಾನ್ಯವಾಗಿ ಹೀಗಿರುತ್ತದೆ:

ಮೊದಲ ಮುದ್ರಣ: 2023
ಪುಟಗಳು: 96
ಪ್ರತಿಗಳು: 500
ಬೆಲೆ: ರೂ. 120
ಬಳಸಿದ ಕಾಗದ: 70 ಜಿಎಸ್‌ಎಂ ಮ್ಯಾಪ್ಲಿಥೋ, 1/8 ಡೆಮಿ
ಹಕ್ಕುಗಳು: ಲೇಖಕರದು

'ಪ್ರತಿಗಳು' ಅನ್ನುವ ಸಾಲು ಬಂಗಾರ. ಎಷ್ಟು ಅಚ್ಚು ಹಾಕಿದ್ದೇವೆ ಅಂತ ಪ್ರಕಾಶಕರೇ ಬರೆದುಕೊಟ್ಟ ಮಾತು ಅದು. ಆ ಸಾಲು ಇಲ್ಲದಿದ್ದರೆ ಪತ್ರದಲ್ಲಿ ಮೊದಲು ಅದನ್ನೇ ಕೇಳಿ. ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮುಧೋಳದ ಬಳೆಗಾರರ ಮನೆಯ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ 1,000 ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದಳಂತೆ. ಅದೂ ಹತ್ತನೆಯ ಶತಮಾನದಲ್ಲಿ. ಇವತ್ತು ಆಫ್‌ಸೆಟ್ ಯಂತ್ರ ಇದ್ದರೂ ಕವನ ಸಂಕಲನ ಅಂದರೆ 300, ಜಾಸ್ತಿ ಅಂದರೆ 500!

'ಹಕ್ಕುಗಳು' ಅನ್ನುವ ಸಾಲಿನಲ್ಲಿ 'ಪ್ರಕಾಶಕರದು' ಅಂತ ಇದ್ದರೆ ಎದೆ ಒಡೆದುಕೊಳ್ಳಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿತೆಯ ಮೊದಲ ಒಡೆಯ ಬರೆದವನೇ. ಆ ಹಕ್ಕು ಬೇರೆಯವರಿಗೆ ಹೋಗಬೇಕಾದರೆ ನೀವು ಸಹಿ ಹಾಕಿದ ಬರಹ ಇರಬೇಕು. ಇದು 19ನೇ ಕಲಂ. ನೀವು ಎಲ್ಲೂ ಸಹಿ ಹಾಕಿಲ್ಲ ಅಂದರೆ, ಪುಟದ ಮೇಲೆ ಅಚ್ಚಾದ ಮಾತ್ರಕ್ಕೆ ಹಕ್ಕು ಕೈಬಿಟ್ಟು ಹೋಗುವುದಿಲ್ಲ.

ಆ ಪುಟದ ಜೊತೆಗೆ ಒಪ್ಪಂದ ಪತ್ರ ಇದ್ದರೆ ಅದು, ಪ್ರಕಾಶಕರ ಹಳೆಯ ಇಮೇಲ್, ವಾಟ್ಸಾಪ್ ಮಾತು, ನಿಮಗೆ ಬಂದ ಗೌರವ ಪ್ರತಿಗಳ ಸಂಖ್ಯೆ, ನೀವು ದುಡ್ಡು ಕೊಟ್ಟು ತಂದ ಪ್ರತಿಗಳ ಬಿಲ್ಲು, ಎಲ್ಲವನ್ನೂ ಒಂದು ಫೈಲಿಗೆ ಹಾಕಿ. ಫೋನ್ ಬದಲಾಯಿಸುವ ಮೊದಲು ವಾಟ್ಸಾಪ್ ಮಾತುಕತೆಯನ್ನು ಇಮೇಲ್‌ಗೆ ಕಳಿಸಿಟ್ಟುಕೊಳ್ಳಿ.

ಹೆಜ್ಜೆ 2: ನಿಮ್ಮದು ಯಾವ ಥರದ ಮಾತುಕತೆ ಅಂತ ಗುರುತಿಸಿ

ನಮ್ಮ ಕಡೆ ಕವನ ಸಂಕಲನ ಮೂರು ರೀತಿಯಲ್ಲಿ ಹೊರಬರುತ್ತದೆ. ಮೂರಕ್ಕೂ ಪತ್ರ ಬೇರೆ.

ಪ್ರಕಾಶಕರು ತಮ್ಮ ದುಡ್ಡು ಹಾಕಿ, ಮುಖಬೆಲೆಯ ಮೇಲೆ ಶೇಕಡಾ ಇಷ್ಟು ರಾಯಲ್ಟಿ ಅಂದಿರುತ್ತಾರೆ. ಕನ್ನಡದಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಶೇ. 10. ಇದಕ್ಕೆ ನೇರವಾಗಿ ಲೆಕ್ಕದ ಪತ್ರ ಬರೆಯಬಹುದು.

ಎರಡನೆಯದು, ರಾಯಲ್ಟಿ ಬದಲು ಪ್ರತಿಗಳು. "ನಿಮಗ 50 ಪ್ರತಿ ಕೊಡ್ತೀವ್ರೀ" ಅಂತ ಹೇಳಿ ಕೊಟ್ಟಿರುತ್ತಾರೆ, ನೀವೂ ಒಪ್ಪಿ ತಂದಿರುತ್ತೀರಿ. ಹಾಗಾಗಿದ್ದರೆ ಮೊದಲ ಮುದ್ರಣಕ್ಕೆ ಮತ್ತೆ ದುಡ್ಡು ಕೇಳುವುದು ಸರಿಯಲ್ಲ. ಮರುಮುದ್ರಣ ಆಗಿದೆಯೇ ಅಂತ ಕೇಳಬಹುದು. ಆಗಿದ್ದರೆ ಆ ಮಾತು ಹೊಸದಾಗಿ ಶುರು.

ಮೂರನೆಯದು, ಖರ್ಚು ನಿಮ್ಮದೇ, ಪ್ರಕಾಶನದ ಹೆಸರು ಅವರದು. ಇಲ್ಲಿ ಬಹಳ ಜನ ರಾಯಲ್ಟಿ ಅಂತ ಕೇಳಿ ಕಡಿಮೆಗೆ ಒಪ್ಪಿಕೊಂಡು ಬಿಡುತ್ತಾರೆ. ಕಾಗದ, ಡಿಟಿಪಿ, ಮುದ್ರಣ, ಬೈಂಡಿಂಗ್ ಎಲ್ಲಕ್ಕೂ ನೀವೇ ಕೊಟ್ಟಿದ್ದರೆ ಶೇ. 10ರ ಪ್ರಶ್ನೆಯೇ ಬರುವುದಿಲ್ಲ. ಮಾರಾಟದ ಹಣದಲ್ಲಿ ಅಂಗಡಿಯವರ ಕಮಿಷನ್ ಮತ್ತು ಪ್ರಕಾಶಕರ ಪಾಲು ಕಳೆದು ಉಳಿದದ್ದು ನಿಮ್ಮದು. ಉಳಿದ ಪ್ರತಿಗಳೂ ನಿಮ್ಮವೇ. ಪತ್ರದಲ್ಲಿ ಎರಡನ್ನೂ ಹೆಸರು ಹಿಡಿದು ಕೇಳಿ.

ಹೆಜ್ಜೆ 3: ಪತ್ರಕ್ಕೆ ಮೊದಲು ಲೆಕ್ಕ ಹಾಕಿ

ಮೇಲಿನ ಪುಸ್ತಕವನ್ನೇ ಹಿಡಿಯೋಣ. ಬೆಲೆ 120, ಪ್ರತಿ 500. ನಿಮಗೆ 25, ವಿಮರ್ಶೆಗೂ ಪ್ರಶಸ್ತಿಗೂ 15 ಹೋಯಿತು ಅಂತಿಟ್ಟುಕೊಳ್ಳಿ. ಮಾರಾಟಕ್ಕೆ ಉಳಿದದ್ದು 460. ಅದರಲ್ಲಿ 310 ಹೋಗಿದ್ದರೆ ಗೋದಾಮಿನಲ್ಲಿ 150 ಇರಬೇಕು. ಮುಖಬೆಲೆಯ ಶೇ. 10 ಅಂದರೆ ಪ್ರತಿಗೆ 12 ರೂಪಾಯಿ. 310 ಪ್ರತಿಗೆ 3,720 ರೂಪಾಯಿ.

ಈಗ ಪ್ರಕಾಶಕರು "ನಮಗ ಅಂಗಡಿಯವ್ರು ಶೇ. 40 ಕಮಿಷನ್ ಮುರಕೊಂಡು ಕೊಡ್ತಾರ್ರೀ, ಬಂದದ್ದರ ಮ್ಯಾಲೆ ಶೇ. 10" ಅಂದರು ಅನ್ನಿ. ಅವರಿಗೆ ಬಂದದ್ದು ಪ್ರತಿಗೆ 72. ನಿಮ್ಮ ಪಾಲು 7 ರೂಪಾಯಿ 20 ಪೈಸೆ. ಒಟ್ಟು 2,232. ಒಂದೇ ಶೇ. 10, ಆದರೆ 1,488 ರೂಪಾಯಿ ವ್ಯತ್ಯಾಸ. ಯಾವುದರ ಮೇಲೆ ಶೇ. 10 ಅನ್ನುವುದನ್ನು ಒಪ್ಪಂದದಲ್ಲಿ ನೋಡಿಕೊಂಡೇ ಪತ್ರ ಬರೆಯಿರಿ. ಬರಹ ಇಲ್ಲದಿದ್ದರೆ ಮುಖಬೆಲೆ ಹಿಡಿದು ಕೇಳಿ. ನಮ್ಮಲ್ಲಿ ರಾಯಲ್ಟಿ ಅಂದರೆ ಮೊದಲಿಂದಲೂ ಮುಖಬೆಲೆಯ ಮಾತೇ ಜಾಸ್ತಿ.

ಗ್ರಂಥಾಲಯದ ಸಗಟು ಖರೀದಿ ಬೇರೆ ಕಥೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ಪುಸ್ತಕ ಆಯ್ಕೆಯಾದರೆ ಕವನ ಸಂಕಲನಕ್ಕೆ ಅದೇ ದೊಡ್ಡ ಮಾರಾಟ. ಆದರೆ ಇಲಾಖೆ ಪುಟದ ಲೆಕ್ಕದಲ್ಲಿ ದರ ಕಟ್ಟುತ್ತದೆ, ಮುಖಬೆಲೆ ಕೊಡುವುದಿಲ್ಲ. 96 ಪುಟದ ತೆಳ್ಳನೆಯ ಪುಸ್ತಕಕ್ಕೆ ಇದರಲ್ಲಿ ಹೊಡೆತ ಜಾಸ್ತಿ. ಬಿಲ್ಲು ಬರುವುದೂ ತಡ. ಹಾಗಾಗಿ ಈ ಭಾಗಕ್ಕೆ ಮುಖಬೆಲೆ ಹಿಡಿದು ಹಟ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಇಲಾಖೆ ಕೊಟ್ಟ ದರದ ಮೇಲೆ ಶೇ. 10 ಕೇಳಿ. ಆದರೆ ಎಷ್ಟು ಪ್ರತಿ ಹೋಯಿತು, ಹಣ ಯಾವಾಗ ಬಂತು ಅನ್ನುವುದನ್ನು ಮಾತ್ರ ಬಿಡದೆ ಕೇಳಿ. "ಲೈಬ್ರರಿ ಬಿಲ್ ಬಂದಿಲ್ರೀ" ಅನ್ನುವ ಮಾತು ಹಲವು ಸಲ ನಿಜ. ಹಣ ಬಂದ ಮೇಲೂ ಅದೇ ಮಾತು ಮುಂದುವರಿಯುವುದೂ ಉಂಟು.

ತೆರಿಗೆ ಬಗ್ಗೆ ಒಂದು ಸಾಲು. ರಾಯಲ್ಟಿಗೆ ಶೇ. 10 ಟಿಡಿಎಸ್ (ದುಡ್ಡು ಕೊಡುವವರೇ ಮೊದಲೇ ಹಿಡಿದುಕೊಳ್ಳುವ ತೆರಿಗೆ) ಮುರಿಯುವುದು ವರ್ಷದಲ್ಲಿ 50,000 ರೂಪಾಯಿ ದಾಟಿದರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 30,000 ಇತ್ತು. ಕವನ ಸಂಕಲನದಿಂದ ಈ ಮಿತಿ ದಾಟಿದವರು ಸಿಕ್ಕರೆ ನನಗೂ ತಿಳಿಸಿ, ಬಂದು ಕೈ ಮುಗಿಯುತ್ತೇನೆ. 3,720ರಲ್ಲಿ ಟಿಡಿಎಸ್ ಅಂತ ಯಾರಾದರೂ ಮುರಿದುಕೊಂಡರೆ ಯಾಕೆ ಅಂತ ಕೇಳಿ.

ಹೆಜ್ಜೆ 4: ಹಳೆಯ ದುಡ್ಡು, ಹೊಸ ಕೆಲಸ ಎರಡನ್ನೂ ಬೇರೆ ಮಾಡಿ

ಬಹಳ ಪತ್ರಗಳು ಕೆಡುವುದು ಇಲ್ಲಿ. ಮೊದಲ ಪ್ಯಾರಾದಲ್ಲಿ ಬಾಕಿ ಕೇಳುತ್ತಾರೆ. ಎರಡನೆಯದರಲ್ಲಿ "ಹೊಸ ಹಸ್ತಪ್ರತಿ ಸಿದ್ಧವಿದೆ, ದಯವಿಟ್ಟು ಪ್ರಕಟಿಸಿ" ಅನ್ನುತ್ತಾರೆ. ಪ್ರಕಾಶಕರು ಎರಡನೆಯದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. "ಹಸ್ತಪ್ರತಿ ಕಳಿಸ್ರೀ, ಓದೂಣು." ಬಾಕಿ ಅಲ್ಲೇ ಮುಳುಗುತ್ತದೆ. ಮೇಲಾಗಿ ಬಾಕಿ ಕೇಳುವ ಧೈರ್ಯವೂ ನಿಮಗೆ ಕಡಿಮೆಯಾಗುತ್ತದೆ, ಹೊಸ ಪುಸ್ತಕ ಅವರ ಕೈಯಲ್ಲಿದೆ ಅಲ್ವಾ.

ಹೊಸ ಹಸ್ತಪ್ರತಿಗೆ ಬೇರೆ ಪತ್ರ, ಬೇರೆ ದಿನ.

ಕೆಲಸ ಕೇಳುವುದಿದ್ದರೆ ಇನ್ನೂ ಒಳ್ಳೆಯದು. ಕವಿತೆಯಿಂದ ಮನೆ ನಡೆಯುವುದಿಲ್ಲ. ಆದರೆ ಭಾಷೆ ಬಲ್ಲವರಿಗೆ ಪ್ರಕಾಶನದಲ್ಲಿ ದುಡ್ಡಿನ ಕೆಲಸ ಇದೆ. ಪ್ರೂಫ್ ನೋಡುವುದು ಒಂದು. ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸಿದಾಗ ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ, ಸೊನ್ನೆಯೂ ಅಂಕಿಯೂ ಅದಲುಬದಲಾಗುತ್ತವೆ. ಅದನ್ನು ಸಾಲು ಸಾಲು ಕೂತು ಸರಿಮಾಡುವವರು ಬೇಕೇ ಬೇಕು. ಬೆಳಗಾವಿಯವರಿಗೆ ಮರಾಠಿ ಬರುತ್ತದೆ. ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಬಲ್ಲವರು ಅದನ್ನೇ ಬರೆದು ಕೇಳಿ. ಕೇಳುವಾಗ ದರ ಹೇಳಿ. "ಏನಾದರೂ ಕೆಲಸ ಇದ್ದರೆ ಕೊಡಿ" ಅಂದರೆ ಕೆಲಸ ಬರುತ್ತದೆ, ದುಡ್ಡು ಬರುವುದಿಲ್ಲ. "ಮೊದಲ ಮತ್ತು ಎರಡನೇ ಪ್ರೂಫ್ ಸೇರಿ ಪುಟಕ್ಕೆ ಇಷ್ಟು, ಪುಟ ಕಳಿಸಿದ ಹದಿನೈದು ದಿನದಲ್ಲಿ ಹಣ" ಅಂತ ಬರೆಯಿರಿ. ಅನುವಾದಕ್ಕೆ ಅರ್ಧ ಮುಂಗಡ ಕೇಳಿ. ಪೂರಾ ಮುಗಿಸಿ ಕೊಟ್ಟು ಆಮೇಲೆ ಕೇಳುವ ಅಭ್ಯಾಸ ಬೇಡ.

ಹೆಜ್ಜೆ 5: ಕಷ್ಟವನ್ನು ಪತ್ರದಿಂದ ಹೊರಗಿಡಿ

ಮಗಳ ಕಾಲೇಜು ಫೀ, ಅವ್ವನ ಔಷಧಿ, ಮಳೆ ಕೈಕೊಟ್ಟದ್ದು, ಮಗ್ಗ ನಿಂತದ್ದು. ಎಲ್ಲ ನಿಜವೇ ಇರಬಹುದು. ಆದರೆ ಇವನ್ನು ಬರೆದ ಕೂಡಲೇ ನಿಮಗೆ ಬರಬೇಕಾದ ದುಡ್ಡು ಪ್ರಕಾಶಕರ ದಯೆಯಾಗಿಬಿಡುತ್ತದೆ. ಅವರ ಕಷ್ಟವೂ ಕಮ್ಮಿ ಏನಲ್ಲ, ಅದನ್ನು ತೆಗೆದು ಎದುರಿಗಿಡುತ್ತಾರೆ. ಆಮೇಲೆ ಯಾರ ಕಷ್ಟ ದೊಡ್ಡದು ಅನ್ನುವ ಮಾತೇ ಉಳಿಯುತ್ತದೆ.

ನಮ್ಮ ಮೂರೂ ಜಿಲ್ಲೆ ಕಬ್ಬಿನ ಸೀಮೆ. ಕಬ್ಬು ಕಳಿಸಿದ ರೈತ ಕಾರ್ಖಾನೆಗೆ ಹೋಗಿ ಮನೆಯ ಗೋಳು ಹೇಳುವುದಿಲ್ಲ. ತೂಕದ ಚೀಟಿ ತೋರಿಸಿ "ಇಷ್ಟು ಟನ್ ಬಂದೈತಿ, ಬಿಲ್ ಎಲ್ಲಿ?" ಅಂತಾನೆ. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಅವನಿಗೆ 14 ದಿನದ ಗಡುವು ಇದೆ, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಕೇಳುವ ಹಕ್ಕಿದೆ. ಬಿಲ್ಲು ಬಾಕಿ ಉಳಿಯುವುದು ಬೇರೆ ಮಾತು, ಕೇಳುವವನ ದನಿಯಂತೂ ಗಟ್ಟಿ ಇರುತ್ತದೆ. ಕವಿತೆಗೆ ಇಂಥ ಆದೇಶ ಇಲ್ಲ. ಆದ್ದರಿಂದ ಗಡುವನ್ನು ನಾವೇ ಪತ್ರದಲ್ಲಿ ಬರೆಯಬೇಕು. ತೂಕದ ಚೀಟಿಯ ಜಾಗದಲ್ಲಿ ನಿಮ್ಮ ಹತ್ತಿರ ಆ 'ಪ್ರತಿಗಳು: 500' ಅನ್ನುವ ಸಾಲು ಇದೆ.

ಕಷ್ಟ ಬೇಡ ಅಂದರೆ ಸಿಟ್ಟು ಇರಲಿ ಅಂತಲ್ಲ. ಪ್ರಕಾಶಕ ಅಂದರೆ ದುಡ್ಡಿನ ಗಂಟು ಅಂತ ತಿಳಿಯುವುದೂ ತಪ್ಪು. ವಿಜಯಪುರದವರಿಗೆ ಇದನ್ನು ಹೇಳಬೇಕಾಗಿಲ್ಲ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚು ಹಾಕುವುದಕ್ಕೆ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದವರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರುಮಾಡಿ ಕೊನೆತನಕ ಬಡತನದಲ್ಲೇ ಬಾಳಿದವರು. ನಮ್ಮ ಕಡೆ ಈಗಲೂ ಸಂಬಳದ ದುಡ್ಡು ಹಾಕಿ ಪ್ರಕಾಶನ ನಡೆಸುವ ಮೇಷ್ಟ್ರುಗಳಿದ್ದಾರೆ. ಪತ್ರದ ದನಿ ಇವರನ್ನೂ ನೆನಪಿಟ್ಟುಕೊಂಡಿರಲಿ. ಅಂಕಿ ಮಾತ್ರ ಮೆತ್ತಗಾಗಬಾರದು.

ಹೆಜ್ಜೆ 6: ಪತ್ರ ಬರೆಯಿರಿ

ಒಂದು ಪುಟ ದಾಟಬಾರದು. ಇಳಕಲ್ಲಿನ ಕವಿಯೊಬ್ಬರು ಬೆಳಗಾವಿಯ ಪ್ರಕಾಶಕರಿಗೆ ಬರೆಯುತ್ತಿದ್ದಾರೆ ಅಂತ ಅಂದುಕೊಂಡು ಒಂದು ಮಾದರಿ ಕೊಡುತ್ತೇನೆ.

ಇಳಕಲ್ಲ
10 ಏಪ್ರಿಲ್ 2026

ಪ್ರಿಯ ಪ್ರಕಾಶಕರಿಗೆ,

ಶರಣು. ನನ್ನ ಕವನ ಸಂಕಲನವನ್ನು 2023ರಲ್ಲಿ ನೀವು ಪ್ರಕಟಿಸಿದಿರಿ. ಮುಖಪುಟದಿಂದ ಕೊನೆಯ ಪ್ರೂಫ್‌ವರೆಗೆ ನೀವು ಮುತುವರ್ಜಿಯಿಂದ ನೋಡಿಕೊಂಡದ್ದು ನೆನಪಿದೆ.

ಈ ಪುಸ್ತಕದ ಲೆಕ್ಕ ಈವರೆಗೆ ನನಗೆ ಬಂದಿಲ್ಲ. 2026ರ ಮಾರ್ಚ್ 31ರವರೆಗಿನ ಲೆಕ್ಕವನ್ನು ದಯವಿಟ್ಟು ಕಳಿಸಿಕೊಡಿ. ಮುದ್ರಿಸಿದ ಪ್ರತಿ, ಗೌರವ ಪ್ರತಿಯಾಗಿ ಹೋದದ್ದು, ಅಂಗಡಿ ಮತ್ತು ಮಳಿಗೆಗಳಲ್ಲಿ ಮಾರಾಟವಾದದ್ದು, ಗ್ರಂಥಾಲಯ ಇಲಾಖೆಗೆ ಹೋದದ್ದು ಮತ್ತು ಅದರ ಹಣ ಬಂದ ದಿನ, ಈಗ ಉಳಿದಿರುವ ಪ್ರತಿ, ಇಷ್ಟು ವಿವರ ಅದರಲ್ಲಿ ಇರಲಿ.

ನಮ್ಮ ಒಪ್ಪಂದದಂತೆ ಮುಖಬೆಲೆಯ ಮೇಲೆ ಶೇ. 10 ರಾಯಲ್ಟಿ. ಕಳೆದ ದೀಪಾವಳಿ ಹೊತ್ತಿಗೆ ಅಂಗಡಿಗಳಲ್ಲಿ 310 ಪ್ರತಿ ಹೋಗಿವೆ ಎಂದು ವಾಟ್ಸಾಪ್‌ನಲ್ಲಿ ತಿಳಿಸಿದ್ದಿರಿ. ಅದರಂತೆ ರೂ. 3,720 ಆಗುತ್ತದೆ. ನಿಮ್ಮ ವಹಿಯಲ್ಲಿ ಬೇರೆ ಅಂಕಿ ಇದ್ದರೆ ತಿಳಿಸಿ, ಸರಿಪಡಿಸಿಕೊಳ್ಳೋಣ.

ಲೆಕ್ಕವನ್ನು ಮೇ 10ರೊಳಗೆ, ಹಣವನ್ನು ಮೇ 31ರೊಳಗೆ ಕಳಿಸಬೇಕೆಂದು ಕೋರುತ್ತೇನೆ. ಒಂದೇ ಸಲ ಆಗದಿದ್ದರೆ ಎರಡು ಕಂತು ಮಾಡಿ, ಕಂತಿನ ತಾರೀಖುಗಳನ್ನು ಬರೆದು ತಿಳಿಸಿ. ಬ್ಯಾಂಕ್ ಖಾತೆಯ ವಿವರ ಕೆಳಗಿದೆ.

ನಿಮ್ಮ ವಿಶ್ವಾಸಿ,
(ಸಹಿ, ಹೆಸರು, ವಿಳಾಸ, ಫೋನ್)

ಇದರಲ್ಲಿ ಹೆಚ್ಚು ಕೆಲಸ ಮಾಡುವುದು "ನಿಮ್ಮ ವಹಿಯಲ್ಲಿ ಬೇರೆ ಅಂಕಿ ಇದ್ದರೆ ತಿಳಿಸಿ" ಅನ್ನುವ ಸಾಲು. ನೀವು ಸುಳ್ಳು ಅಂತ ಹೇಳುತ್ತಿಲ್ಲ, ಮೋಸ ಅಂತ ಹೇಳುತ್ತಿಲ್ಲ. ಆದರೆ ನಿಮ್ಮ ಅಂಕಿ ಮೇಜಿನ ಮೇಲೆ ಬಂದಾಯಿತು. ಅದನ್ನು ಅಲ್ಲಗಳೆಯಬೇಕಾದರೆ ಅವರು ತಮ್ಮ ಅಂಕಿ ತೋರಿಸಲೇಬೇಕು. ಅಲ್ಲಿಗೆ ಲೆಕ್ಕ ಬಂದಂತಾಯಿತು.

ಕಂತಿನ ಮಾತನ್ನು ನಾವೇ ಎತ್ತುವುದು ಸೋತಂತೆ ಅಂತ ಕೆಲವರು ವಾದ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕಂತಿಗೆ ತಾರೀಖು ಬರೆದುಕೊಟ್ಟರು ಅಂದರೆ ಬಾಕಿ ಇದೆ ಅಂತ ಬರೆದುಕೊಟ್ಟ ಹಾಗೆ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಸಂಬೋಧನೆ ಬಗ್ಗೆ ಸ್ವಲ್ಪ ಯೋಚಿಸಬೇಕು. ನಮ್ಮ ಕಡೆ ಪ್ರಕಾಶಕರು ಎಷ್ಟೋ ಸಲ ನಮಗೆ ಪಾಠ ಹೇಳಿದ ಗುರುಗಳೇ ಆಗಿರುತ್ತಾರೆ. 'ಪೂಜ್ಯ ಗುರುಗಳಿಗೆ' ಅಂತಲೇ ಬರೆಯಿರಿ, ಕೊನೆಗೆ 'ನಿಮ್ಮ ಶಿಷ್ಯ' ಅಂತಲೂ ಹಾಕಿ. ನಡುವಿನ ನಾಲ್ಕು ಪ್ಯಾರಾ ಬದಲಾಗಬೇಕಾಗಿಲ್ಲ. ಪುಸ್ತಕ ಮಠದಿಂದ ಬಂದಿದ್ದರೆ ದುಡ್ಡಿನ ಪತ್ರವನ್ನು ಸ್ವಾಮೀಜಿಯವರ ಹೆಸರಿಗೆ ಬರೆಯಬೇಡಿ. ಪ್ರಕಾಶನ ನೋಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ, ಅವರಿಗೆ ಬರೆಯಿರಿ. ಅವರಿಗೂ ಅದೇ ಅನುಕೂಲ.

ಹೆಜ್ಜೆ 7: ಯಾವಾಗ, ಹೇಗೆ ಕಳಿಸಬೇಕು

ನವೆಂಬರ್ ಬೇಡ. ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಪ್ರಕಾಶಕರು ಮಳಿಗೆಯಿಂದ ಮಳಿಗೆಗೆ ಓಡಾಡುತ್ತಿರುತ್ತಾರೆ. ಸಾಹಿತ್ಯ ಸಮ್ಮೇಳನದ ವಾರವೂ ಬೇಡ. ಏಪ್ರಿಲ್ ಒಳ್ಳೆಯದು. ಮಾರ್ಚ್ 31ಕ್ಕೆ ವರ್ಷದ ವಹಿ ಮುಗಿಸುತ್ತಾರೆ, ಅಂಕಿಗಳು ಎದುರಿಗೇ ಇರುತ್ತವೆ.

ಇಮೇಲ್‌ನಲ್ಲಿ ಪಿಡಿಎಫ್ ಮಾಡಿ ಕಳಿಸಿ. ವಾಟ್ಸಾಪ್‌ನಲ್ಲಿ "ಲೆಕ್ಕದ ಪತ್ರ ಇಮೇಲ್ ಮಾಡಿದ್ದೇನೆ ಸರ್, ನೋಡಿ" ಅಂತ ಒಂದು ಸಾಲು ಹಾಕಿ. ಬರೀ ವಾಟ್ಸಾಪ್‌ನಲ್ಲಿ ಕಳಿಸಿದರೆ ಶುಭೋದಯದ ಹೂವುಗಳ ಕೆಳಗೆ ಹೂತುಹೋಗುತ್ತದೆ. ಇಮೇಲ್ ನೋಡದ ಹಿರಿಯರಿದ್ದರೆ ಅಂಚೆ. ಅಂಚೆ ಇಲಾಖೆ 2025ರಲ್ಲಿ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಕೇಳಿ, ಜೊತೆಗೆ ತಲುಪಿದ್ದಕ್ಕೆ ಸಾಕ್ಷಿ ಬೇಕು ಅಂತ ಹೇಳಿ. ರಸೀದಿಯನ್ನು ಪತ್ರದ ನಕಲಿಗೆ ಪಿನ್ ಮಾಡಿ ಫೈಲಿಗೆ ಹಾಕಿ. ಈ ರಸೀದಿ ಕಾಗದದ ಅಕ್ಷರ ಬೇಗ ಮಾಸುತ್ತದೆ, ಫೋಟೊ ತೆಗೆದಿಡಿ.

ಹೆಜ್ಜೆ 8: ಉತ್ತರ ಬಂದ ಮೇಲೆ

ಹಣ ನೇರ ಖಾತೆಗೆ ಬಂದರೆ ಮುಗಿಯಿತು. ಮುಟ್ಟಿತು ಅಂತ ಎರಡು ಸಾಲು ಬರೆದು ಕಳಿಸಿ.

ಜಾಸ್ತಿ ಬರುವುದು ಫೋನ್. "ಪತ್ರ ಯಾಕ್ರೀ ಬರೀಲಿಕ್ಕೆ ಹೋದ್ರಿ, ಹೇಳಿದ್ರ ಆಗತಿತ್ತಲ್ಲ!" ಅಂತ ಸ್ವಲ್ಪ ಬೇಜಾರಿನ ದನಿ ಇರುತ್ತದೆ. ನಕ್ಕು ಮಾತಾಡಿ. ಮಾತಲ್ಲಿ ಏನು ಒಪ್ಪಿದರೋ ಅದನ್ನು ಅದೇ ದಿನ ಬರೆದು ಕಳಿಸಿ. "ಇವತ್ತು ಮಾತಾಡಿದ ಹಾಗೆ ಜೂನ್ 15ಕ್ಕೆ 2,000, ಜುಲೈ 15ಕ್ಕೆ ಉಳಿದದ್ದು. ಧನ್ಯವಾದ ಸರ್." ಅವರು ಅದಕ್ಕೆ 'ಆಯ್ತು' ಅಂತ ಉತ್ತರಿಸಿದರೆ ಸಾಕು.

ಇನ್ನು ಕೆಲವರು ದುಡ್ಡಿನ ಬದಲು ಪುಸ್ತಕ ಒಯ್ಯಿರಿ ಅನ್ನುತ್ತಾರೆ. ಲೇಖಕರಿಗೆ ಶೇ. 40 ರಿಯಾಯಿತಿ ಹಿಡಿದರೆ 3,720ಕ್ಕೆ 51 ಪ್ರತಿ ಬರುತ್ತವೆ. ನೀವು ಕಾಲೇಜು, ಕವಿಗೋಷ್ಠಿ ಅಂತ ತಿರುಗಾಡುವವರಾಗಿದ್ದು, 120ಕ್ಕೆ ಮಾರುವ ಧೈರ್ಯ ಇದ್ದರೆ ಲಾಭವೇ. ಕೇಳಿದವರಿಗೆಲ್ಲ ಸಹಿ ಹಾಕಿ ಸುಮ್ನೆ ಕೊಡುವ ಸ್ವಭಾವ ಇದ್ದರೆ ಬೇಡವೇ ಬೇಡ. ನಮ್ಮಲ್ಲಿ ಎರಡನೇ ಥರದವರೇ ಜಾಸ್ತಿ.

ತಿಂಗಳು ಕಳೆದರೂ ಉತ್ತರ ಇಲ್ಲದಿದ್ದರೆ ಅದೇ ಪತ್ರದ ನಕಲಿಗೆ ಮೂರು ಸಾಲಿನ ನೆನಪೋಲೆ ಹಚ್ಚಿ ಕಳಿಸಿ. ಹೊಸ ವಾದ ಹೂಡಬೇಡಿ, ದನಿ ಏರಿಸಬೇಡಿ. ಫೇಸ್‌ಬುಕ್‌ನಲ್ಲಿ ಹಾಕುವ ಆಸೆ ಬರುತ್ತದೆ. ಅಲ್ಲಿ ನೂರು ಜನ ಸಮಾಧಾನ ಹೇಳುತ್ತಾರೆ, ಲೆಕ್ಕ ಯಾರೂ ಕೊಡುವುದಿಲ್ಲ.

ಹೆಜ್ಜೆ 9: ಯಾವುದೂ ನಡೆಯದಿದ್ದರೆ

ಹಣದ ಬಾಕಿ ವಸೂಲಿಗೆ ಕಾನೂನಿನಲ್ಲಿ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಆ ಅವಧಿಯೊಳಗೆ ಪ್ರಕಾಶಕರು ಬಾಕಿ ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಕಂತಿನ ತಾರೀಖನ್ನು ಬರೆದು ಕೊಡಿ ಅಂದದ್ದು ಇದಕ್ಕೇ.

3,720 ರೂಪಾಯಿಗೆ ವಕೀಲರ ನೋಟಿಸು, ಕೋರ್ಟು ಅಂತ ಹೋದರೆ ಖರ್ಚೇ ಜಾಸ್ತಿ. ಮೊತ್ತ ದೊಡ್ಡದಿದ್ದರೆ, ಅಥವಾ ಮುದ್ರಣಕ್ಕೆ ನೀವೇ ಕೊಟ್ಟ ಹಣ ಸಿಕ್ಕಿಹಾಕಿಕೊಂಡಿದ್ದರೆ, ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಎರಡೂ ಕಡೆ ಕೂರಿಸಿ ಮಾತಾಡಿಸುವ ವ್ಯವಸ್ಥೆ ಇದೆ. ಅದಕ್ಕೆ ಕೋರ್ಟು ಶುಲ್ಕ ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ.

ದುಡ್ಡಿಗಿಂತ ದೊಡ್ಡದು ಒಂದಿದೆ, ಅದು ಹಕ್ಕು. ನೀವು ಹಕ್ಕು ಬರೆದುಕೊಟ್ಟಿದ್ದು, ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಇಲ್ಲದಿದ್ದರೆ, 19ನೇ ಕಲಂ ಪ್ರಕಾರ ಅದು ಐದು ವರ್ಷಕ್ಕೆ ಅಂತ ಅರ್ಥ. ಹಕ್ಕು ತೆಗೆದುಕೊಂಡು ಒಂದು ವರ್ಷದೊಳಗೆ ಬಳಸದಿದ್ದರೂ, ಬೇರೆ ಮಾತು ಬರೆದಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. 2018ರಲ್ಲಿ ಬರೆದುಕೊಟ್ಟ ಹಳೆಯ ಸಂಕಲನ ಗೋದಾಮಿನಲ್ಲಿ ದೂಳು ತಿನ್ನುತ್ತಿದ್ದರೆ ಕಾಗದ ತೆಗೆದು ಓದಿ. ಅವಧಿ ಬರೆದಿಲ್ಲ ಅಂದರೆ ಆ ಕವಿತೆಗಳು ಈಗಾಗಲೇ ನಿಮ್ಮ ಕೈಗೆ ಮರಳಿವೆ. "ಹಕ್ಕಿನ ಅವಧಿ ಮುಗಿದಿದೆ, ಬೇರೆ ಕಡೆ ಸಮಗ್ರ ಸಂಪುಟ ತರುತ್ತಿದ್ದೇನೆ" ಅಂತ ಒಂದು ಪತ್ರ ಕಳಿಸಿ. ಬಾಕಿ ಕೇಳಿದಾಗ ಸುಮ್ಮನಿದ್ದವರು ಈ ಪತ್ರಕ್ಕೆ ಓಡಿ ಬರುವುದುಂಟು.

ಹೆಜ್ಜೆ 10: ಮುಂದಿನ ಪುಸ್ತಕಕ್ಕೆ ಮೊದಲೇ ಬರೆಸಿಕೊಳ್ಳಿ

ಹಸ್ತಪ್ರತಿ ಕೊಡುವ ದಿನ, ಬಿಡುಗಡೆಯ ಸಡಗರ ಶುರುವಾಗುವ ಮೊದಲು, ಒಂದು ಹಾಳೆಯ ಒಪ್ಪಂದ ಮಾಡಿಕೊಳ್ಳಿ. ರಾಯಲ್ಟಿ ಶೇಕಡಾ ಎಷ್ಟು, ಅದು ಮುಖಬೆಲೆಯ ಮೇಲೋ ಬಂದ ಹಣದ ಮೇಲೋ, ಗ್ರಂಥಾಲಯ ಖರೀದಿಗೆ ಹೇಗೆ, ಪ್ರತಿವರ್ಷ ಜೂನ್ 30ರೊಳಗೆ ಲೆಕ್ಕ, ಎಷ್ಟು ಗೌರವ ಪ್ರತಿ, ಎಷ್ಟು ವರ್ಷಕ್ಕೆ ಹಕ್ಕು. ಈಗ ಇಪುಸ್ತಕ, ಆಡಿಯೊ ಎಲ್ಲ ಬಂದಿರುವುದರಿಂದ ಅವುಗಳ ಹಕ್ಕು ಬೇರೆ ಅಂತ ಒಂದು ಸಾಲು ಸೇರಿಸಿ. 'ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ' ಅನ್ನುವ ಸಾಲು ಕಂಡರೆ ಪೆನ್ನು ಕೆಳಗಿಟ್ಟು ಮಾತಾಡಿ.

ಮೊದಲ ಸಂಕಲನ ತರುತ್ತಿರುವ ಹುಡುಗ ಹುಡುಗಿಯರು ಸ್ವಂತ ದುಡ್ಡು ಹಾಕುವ ಮೊದಲು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಿ ನೋಡಿ. ಅರ್ಜಿ ಕರೆದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಪ್ರಕಾಶಕರು ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆಗೆ ಅಂತ ಬೇರೆ ದುಡ್ಡು ಕೇಳಿದರೆ ಕೊಡಬೇಡಿ, ನಮ್ಮ ದೇಶದಲ್ಲಿ ಅದನ್ನು ಸರ್ಕಾರವೇ ಪುಕ್ಕಟೆ ಕೊಡುತ್ತದೆ.

ಒಪ್ಪಂದದ ಎರಡು ಪ್ರತಿ ಮಾಡಿ, ಎರಡಕ್ಕೂ ಇಬ್ಬರೂ ಸಹಿ ಹಾಕಿ, ಒಂದನ್ನು ಮನೆಗೆ ತನ್ನಿ.